ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಬಿಳೇಕಹಳ್ಳಿಗೆ

ಗೌರಿ ಹಬ್ಬದ ಬೆಳಿಗ್ಗೆ ಜಯನಗರ ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆಯಿಂದ ಆಟೋ ಹತ್ತಿ ಹೊಸಕೆರೆಹಳ್ಳಿಗೆ ಹೊರಟೆ. ಹಬ್ಬವೆಂದು ಆಟೋದವನು ಮೀಟರಿನ ಮೇಲೆ ಮೂವತ್ತು ರೂಪಾಯಿ ಕೇಳಿದ. ಹಬ್ಬವೆಂದು ನಾನೂ ಕೊಟ್ಟೆ. ಮೋಡ ಕವಿದಿತ್ತು, ಮಳೆ ಇನ್ನೂ ಶುರುವಾಗಿರಲಿಲ್ಲ. ಕತ್ರಿಗುಪ್ಪೆಯಲ್ಲಿ ರಸ್ತೆಯ ಎರಡೂ ಪಕ್ಕ ಬಾಳೆಕಂದು, ಮಣ್ಣಿನ ಗಣಪತಿಗಳು, ಗೌರಿಗಳು. ನನ್ನ ನಿಜವಾದ ಪ್ರಯಾಣ ಹೊಸಕೆರೆಹಳ್ಳಿಯಿಂದ ಶುರು: ಗೆಳೆಯ ಮುನಿರಾಜುವಿನ ಹಳದಿ ಬಣ್ಣದ ಇಟಲಿ ಕಾರಿನಲ್ಲಿ ಬಿಳೇಕಹಳ್ಳಿಗೆ. ದೂರ ಸುಮಾರು ಹನ್ನೊಂದು ಕಿಲೋಮೀಟರು. ಬೆಂಗಳೂರನ್ನೇ ದಾಟದ ಇದನ್ನು ಪ್ರವಾಸ ಎನ್ನಲು ನನಗೂ ಸಂಕೋಚವೇ. ಆದರೆ ಈ ಹನ್ನೊಂದು ಕಿಲೋಮೀಟರಿಗೆ ಮುನಿರಾಜು ಮಾಡಿಕೊಂಡ ತಯಾರಿಯನ್ನು ನಾನು ಕಾಶಿಗೆ ಹೊರಟವರಲ್ಲೂ ಕಂಡಿಲ್ಲ.

ಮುನಿರಾಜು ನನ್ನ ಸ್ಕೂಲಿನ ಗೆಳೆಯ. ಅವರದು ಹೊಸಕೆರೆಹಳ್ಳಿಯ ಹಳೇ ಮನೆತನ. ಕ್ಯಾರೆಟ್ಟು, ಕೊತ್ತಂಬರಿ ಬೆಳೆದು ಮಾರ್ಕೆಟ್ಟಿಗೆ ಹಾಕುತ್ತಿದ್ದವರು. ಈಗ ಆ ಜಾಗಗಳಲ್ಲಿ ಬಾಡಿಗೆ ಮನೆಗಳಿವೆ. ಕೊನೆಗೆ ಉಳಿದಿದ್ದ ಒಂದು ತುಂಡು ಹೊಲವನ್ನು ಎರಡು ವರ್ಷದ ಹಿಂದೆ ಮಾರಿದಾಗ, ಅವನು ಸೆಕೆಂಡ್ ಹ್ಯಾಂಡಿನಲ್ಲಿ ಈ ಕಾರು ತಂದ. ಬಿಳೇಕಹಳ್ಳಿಯಲ್ಲಿರುವ ಅವನ ಅಕ್ಕ ಜಯಮ್ಮ, ಅಂದರೆ ನಮಗೆಲ್ಲ ಜಯಕ್ಕ, ಮಾರಾಟದ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದರು. ಅವರ ಸಿಟ್ಟು ಅದಕ್ಕಲ್ಲ. ಹೊಲ ಹೋದ ಮೇಲೆ ತಮ್ಮ ಒಂದು ದಿನವೂ ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಕಾರು ಬಂದ ಸುದ್ದಿ ಪಕ್ಕದ ಮನೆಯವರ ಮೊಬೈಲಿನಿಂದ ತಿಳಿಯಿತು. ಹೋದ ವರ್ಷ ಗೌರಿ ಬಾಗಿನವನ್ನು ಅವನು ಡ್ರೈವರ್ ಕೈಯಲ್ಲಿ ಕಳಿಸಿದ್ದ. ಜಯಕ್ಕ ಅದನ್ನು ಗೌರಮ್ಮನ ಮುಂದಿಟ್ಟು ನಮಸ್ಕಾರ ಮಾಡಿ, ಡ್ರೈವರಿಗೆ ಒಬ್ಬಟ್ಟಿನ ಊಟ ಹಾಕಿ, ಬಾಗಿನವನ್ನು ಅದೇ ಡ್ರೈವರ್ ಕೈಯಲ್ಲಿ ವಾಪಸು ಕಳಿಸಿದರು. ತವರಿನ ಬಾಗಿನ ತಿರುಗಿ ಬಂದದ್ದು ಆ ಮನೆಯಲ್ಲಿ ಅದೇ ಮೊದಲು.

ಈ ವರ್ಷ ಅವರೇ ಫೋನ್ ಮಾಡಿ ಹೇಳಿದ್ದರು: "ನೀನೇ ತಂದ್ರೆ ತಗೋತೀನಿ. ಅದೇನೋ ಹಳದಿ ಕಾರಂತಲ್ಲ, ಅದ್ರಲ್ಲೇ ಬಾ. ನಮ್ ಹೊಲ ಈಗ ಹೆಂಗಾಗಿದೆ ನೋಡ್ಬೇಕು." ಬಾಗಿನ ಬರುವವರೆಗೆ ಅವರು ಬಾಯಿಗೆ ಏನೂ ಹಾಕುವುದಿಲ್ಲ, ಮದುವೆಯಾದಾಗಿನಿಂದಲೂ ಹಾಗೇ. ಈಗ ಸಕ್ಕರೆ ಕಾಯಿಲೆ ಬೇರೆ ಇದೆ. ನನ್ನನ್ನು ಕರೆದದ್ದಕ್ಕೆ ಕಾರಣವನ್ನು ಮುನಿರಾಜು ಮುಚ್ಚಿಡಲಿಲ್ಲ. "ನಿನ್ನ ಮುಖ ನೋಡಿದ್ರೆ ಅಕ್ಕ ಬಾಗ್ಲು ಹಾಕಲ್ಲ ಕಣೋ ಸೀನ," ಎಂದ. ಸ್ಕೂಲು ಓದುವಾಗ ಭಾನುವಾರಗಳಲ್ಲಿ ಆಕೆ ಕಾಲುವೆಯಲ್ಲಿ ತೊಳೆದು ಕೊಟ್ಟ ಕ್ಯಾರೆಟ್ಟು ತಿಂದ ಮುಖ ಇದು.

ನಾನು ಹೋದಾಗ ಮುನಿರಾಜು ಪಂಚೆ ಎತ್ತಿ ಕಟ್ಟಿ, ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಳಿ ಅಳೆಯುತ್ತಿದ್ದ. ಟೈರು ತಣ್ಣಗಿರುವಾಗಲೇ ಅಳೆಯಬೇಕಂತೆ. ಓಡಿ ಬಿಸಿಯಾದ ಮೇಲೆ ಲೆಕ್ಕ ಹೆಚ್ಚಿಗೆ ತೋರಿಸುತ್ತದಂತೆ. ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಇಂಥ ಕಾರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನ ಸೊಂಟದೆತ್ತರವಿಲ್ಲ. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ಸ್ಟೆಪ್ನಿ ಎಲ್ಲಿ ಎಂದು ಕೇಳಿದೆ. ಇಲ್ಲ ಎಂದ. ಕಳೆದುಹೋಯಿತೇ ಎಂದೆ. ಕಂಪನಿಯವರು ಕೊಡುವುದೇ ಇಲ್ಲ ಎಂದ.

ಇದು ನನಗೆ ಸೋಜಿಗವೆನಿಸಿತು. ನನ್ನ ಹಳೇ ಮಾರುತಿಗೂ ಸ್ಟೆಪ್ನಿ ಇತ್ತು. ಮುನಿರಾಜು ತಾಳ್ಮೆಯಿಂದ ವಿವರಿಸಿದ. ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ಹಾಗಾಗಿ ಒಂದೇ ಸ್ಟೆಪ್ನಿ ಎರಡಕ್ಕೂ ಆಗುವುದಿಲ್ಲ. ಎರಡು ಸ್ಟೆಪ್ನಿ ಇಡಲು ಜಾಗವಿಲ್ಲ. ಅದರ ಬದಲಿಗೆ ಕರೀ ಚೀಲವೊಂದನ್ನು ಅವನು ಸದಾ ಮುಂದಿನ ಡಿಕ್ಕಿಯಲ್ಲಿ ಇಟ್ಟಿರುತ್ತಾನೆ. ತೆಗೆದು ಒಂದೊಂದಾಗಿ ತೋರಿಸಿದ. ಟೈರಿನೊಳಗೆ ಬಿಟ್ಟರೆ ತೂತನ್ನು ಒಳಗಿಂದಲೇ ಮುಚ್ಚುವ ಅಂಟಿನ ಡಬ್ಬಿ. ಆಮೇಲೆ ಗಾಳಿ ತುಂಬಲು ಪುಟ್ಟ ಪಂಪು. ಚಕ್ರ ಕದಿಯದಂತೆ ಹಾಕಿರುವ ಬೀಗದ ನಟ್ಟಿಗೆ ಒಂದು ಬೀಗದ ಕೈ. ಕಾರನ್ನು ಎಳೆಯಬೇಕಾಗಿ ಬಂದರೆ ಮೂತಿಗೆ ತಿರುಗಿಸಿ ಕೂರಿಸುವ ಕಬ್ಬಿಣದ ಕೊಕ್ಕೆ. ತಗ್ಗಿನ ಕಾರಿನಡಿ ಹೋಗುವಂಥ ತೆಳ್ಳನೆಯ ಜಾಕು, ಅದರ ತಲೆಗೆ ರಬ್ಬರ್ ತುಂಡು. ಕೈಗವಸು, ಟಾರ್ಚು, ಮಂಡಿಯೂರಲು ಹಳೇ ಚಾಪೆಯ ಚೂರು.

ಟೈರಿನ ಪಕ್ಕ ಹರಿದರೆ ಅಂಟು ನಿಲ್ಲುವುದಿಲ್ಲ, ಅಡಿಯಲ್ಲಿ ಮೊಳೆಯೋ ಸ್ಕ್ರೂವೋ ಹೊಕ್ಕರೆ ನಿಲ್ಲುತ್ತದೆ ಎಂದ. ಹಾಗೆ ನಿಂತ ಮೇಲೂ ನಿಧಾನವಾಗಿ ಹತ್ತಿರದ ಟೈರ್ ಅಂಗಡಿಗೆ ಹೋಗಬೇಕೇ ಹೊರತು ಮೈಸೂರಿಗಲ್ಲ. ಯಾವುದೂ ಕೆಲಸಕ್ಕೆ ಬಾರದಿದ್ದರೆ, ಕಾರನ್ನು ಹೊತ್ತೊಯ್ಯುವ ಚಪ್ಪಟೆ ಬೆನ್ನಿನ ಲಾರಿಯವನ ನಂಬರು ಮೊಬೈಲಿನಲ್ಲಿ ಇದೆ. ಇಷ್ಟು ಹೇಳಿ ಚೀಲವನ್ನು ಡಿಕ್ಕಿಯಲ್ಲಿಟ್ಟು, ಸ್ನಾನಕ್ಕೆ ಹೋದ. ನಾನು ಒಳಗೆ ಹೋಗಿ ಇಡ್ಲಿಗೆ ಕೂತೆ. ಅವನ ಹೆಂಡತಿ ರತ್ನ ಮೊರದ ಬಾಗಿನ ಸಿದ್ಧ ಮಾಡಿ ಇಟ್ಟಿದ್ದಳು: ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕನ್ನಡಿ, ರವಿಕೆ ಬಟ್ಟೆ, ಮೇಲೊಂದು ಮೊರ ಮುಚ್ಚಿ ಅರಿಶಿನದ ದಾರ. ನೀವು ತಿನ್ನಿ, ನಾನೇ ಕಾರಲ್ಲಿಟ್ಟು ಬರುತ್ತೇನೆ ಎಂದು ಹೊತ್ತುಕೊಂಡು ಹೋದಳು.

ಕಾರಿನೊಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ಮೊದಲು ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತಂದುಕೊಂಡೆ. ಅಲ್ಲಿಂದ ಕಾಣುವ ಬೆಂಗಳೂರೇ ಬೇರೆ. ಆಟೋಗಳ ಅಡಿಯಲ್ಲಿ ತೂಗುವ ಕಪ್ಪು ಬಟ್ಟೆ, ಬಸ್ಸಿನ ಗಾಲಿಯ ನಟ್ಟುಗಳು, ಹೂವಿನ ಬುಟ್ಟಿ ಹೊತ್ತವರ ಪಾದ. ಹಂಪ್ ಬಂದಾಗಲೆಲ್ಲ ಮುನಿರಾಜು ಒಂದು ಬಟನ್ ಒತ್ತಿ ಕಾರಿನ ಮೂತಿ ಎತ್ತಿಸಿ, ಓರೆಯಾಗಿ, ಬಸುರಿಯನ್ನು ಮೆಟ್ಟಿಲು ಇಳಿಸುವಂತೆ ದಾಟಿಸುತ್ತಿದ್ದ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಪಕ್ಕದ ಬೈಕಿನವನೊಬ್ಬ ಬಗ್ಗಿ, "ಅಂಕಲ್, ಸಖತ್ತಾಗಿದೆ ಗಾಡಿ. ಒಂದ್ಸಲ ಸೌಂಡ್ ಕೊಡಿ," ಎಂದ. ಮುನಿರಾಜು ಕೊಡಲಿಲ್ಲ. ಅವನ ಕಣ್ಣು ರಸ್ತೆಯ ಮೇಲಿನ ಒಂದೊಂದು ಕಲ್ಲಿನ ಮೇಲಿತ್ತು. ರಿಂಗ್ ರಸ್ತೆ ಹಿಡಿದು ಕದಿರೇನಹಳ್ಳಿ ದಾಟುವ ಹೊತ್ತಿಗೆ ಸಣ್ಣಗೆ ಹನಿಯತೊಡಗಿತು.

ಸಾರಕ್ಕಿ ಸಿಗ್ನಲ್ ಇನ್ನೂ ಸ್ವಲ್ಪ ದೂರವಿರುವಾಗ ಮೀಟರುಗಳ ನಡುವೆ ಒಂದು ಹಳದಿ ದೀಪ ಹತ್ತಿತು. ಕುದುರೆ ಲಾಳದಂಥ ಗುರುತು. ಏನದು ಎಂದು ಕೇಳುವಷ್ಟರಲ್ಲಿ ಅವನು ಕಾರನ್ನು ಎಡಕ್ಕೆ ತಂದು ನಿಲ್ಲಿಸಿದ್ದ. ಹಿಂದಿನ ಎಡಚಕ್ರದ ಒಳ ಅಂಚಿಗೆ ಸ್ಕ್ರೂ ಒಂದು ಹೊಕ್ಕಿತ್ತು. ಬಗ್ಗಿ ಟಾರ್ಚು ಬಿಟ್ಟರೆ ಮಾತ್ರ ಕಾಣುವ ಜಾಗ. ಮೊಬೈಲಿನ ಟಾರ್ಚು ಹಿಡಿದು ನೋಡಿದ. ಗಾಳಿ ನಮ್ಮ ಕಣ್ಣೆದುರಿಗೇ ಇಳಿಯುತ್ತಿತ್ತು. ಮುನಿರಾಜು ಗಾಬರಿಯಾಗಲಿಲ್ಲ. ಈ ಗಳಿಗೆಗೆಂದೇ ಕಾದಿದ್ದವನಂತೆ ಅಂಗಿಯ ತೋಳು ಮಡಚಿ, ಹತ್ತು ನಿಮಿಷದ ಕೆಲಸ ಎಂದು ಡಿಕ್ಕಿ ತೆಗೆದ.

ಒಳಗೆ ಬಾಗಿನವಿತ್ತು. ಬಾಗಿನವೊಂದೇ ಇತ್ತು.

ಫೋನಿನಲ್ಲಿ ರತ್ನಳ ದನಿ ನನಗೂ ಕೇಳಿಸಿತು. "ಗೌರಮ್ಮನ ಬಾಗಿನದ ಪಕ್ಕ ಆ ರಬ್ಬರ್ ವಾಸನೆ ಬ್ಯಾಗ್ ಇಡಕ್ಕಾಗತ್ತೇನ್ರೀ? ಮೊರಾನೂ ಹಿಡೀತಿರ್ಲಿಲ್ಲ. ಸೊಸೆ ಕಾರಿನ ಡಿಕ್ಕೀಲಿ ಜೋಪಾನವಾಗಿ ಇಟ್ಟಿದೀನಿ ಬಿಡಿ." ಸೊಸೆ ನಾವು ಹೊರಟ ಬೆನ್ನಿಗೇ ಹಬ್ಬಕ್ಕೆ ತನ್ನ ತವರಿಗೆ, ಕನಕಪುರಕ್ಕೆ, ಹೊರಟಾಗಿತ್ತು. ಕರೀ ಚೀಲವೂ ಅವಳ ಜೊತೆ ತವರಿಗೆ ಹೋಗಿತ್ತು.

ಹತ್ತಿರದ ಪಂಕ್ಚರ್ ಅಂಗಡಿಯಿಂದ ಒಬ್ಬರನ್ನು ಕರೆದು ತಂದೆ. ಅವರು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. ಅವರ ಜಾಕು ಒಳಗೆ ಹೋಗುವುದಿಲ್ಲ. ಹೋದರೂ ನಟ್ಟಿಗೆ ಬೀಗ. "ಸಾರ್, ಇದಕ್ಕೆ ಏನಾದ್ರೂ ಆದ್ರೆ ನಾನು ಅಂಗಡಿ ಮಾರ್ಬೇಕು," ಎಂದು ಕೈ ಒರೆಸಿಕೊಂಡು ಹೊರಟರು. ಲಾರಿಯವನು ಫೋನಿನಲ್ಲಿ, ಹಬ್ಬ ಸಾರ್, ಗಂಟೆ ಮೇಲಾಗುತ್ತೆ ಎಂದ.

ಬಾಗಿನ ತೆಗೆದುಕೊಂಡು ಆಟೋ ಹತ್ತು, ಕಾರಿನ ಹತ್ತಿರ ನಾನಿರುತ್ತೇನೆ ಎಂದೆ. ಅವನು ಒಪ್ಪಲಿಲ್ಲ. ಲಾರಿಯವರು ತಪ್ಪು ಜಾಗಕ್ಕೆ ಸರಪಳಿ ಹಾಕಿದರೆ ಕೆಳಗಿನದೆಲ್ಲ ಕಿತ್ತು ಬರುತ್ತದೆ, ನಿನಗೆ ಅದೆಲ್ಲ ತಿಳಿಯುವುದಿಲ್ಲ ಎಂದ. ಸುತ್ತ ಜನ ಸೇರಿ ಫೋಟೋ ತೆಗೆಯುತ್ತಿದ್ದರು. ಅವರನ್ನು ಸರಿಸುವುದೇ ಅವನಿಗೆ ಕೆಲಸವಾಯಿತು. ಹೊತ್ತು ಮಧ್ಯಾಹ್ನದ ಕಡೆಗೆ ಸಾಗಿತ್ತು. ನನಗೆ ಜಯಕ್ಕನ ಖಾಲಿ ಹೊಟ್ಟೆಯ ಯೋಚನೆ. ಅವನನ್ನು ಕೇಳದೆ ನಾನೇ ಫೋನ್ ಮಾಡಿದೆ. ತಡವಾಗುತ್ತದೆ, ಒಂದು ಲೋಟ ಹಾಲಾದರೂ ಕುಡಿಯಿರಿ ಎಂದೆ. ಎಲ್ಲಿ ನಿಂತಿದ್ದೀರಿ ಎಂದು ಕೇಳಿ ಫೋನ್ ಇಟ್ಟರು.

ಸ್ವಲ್ಪ ಹೊತ್ತಿಗೆ ಎದುರಿನ ಪಕ್ಕದಲ್ಲಿ ಆಟೋ ನಿಂತಿತು. ಹಸಿರು ರೇಷ್ಮೆ ಸೀರೆಯುಟ್ಟ ಜಯಕ್ಕ ಇಳಿದು, ಕೈ ಅಡ್ಡ ಹಿಡಿದು ಬಸ್ಸುಗಳನ್ನೇ ನಿಲ್ಲಿಸಿಕೊಂಡು ರಸ್ತೆ ದಾಟಿ ಬಂದರು. ನನಗೆ "ಚೆನ್ನಾಗಿದೀಯೇನಪ್ಪ ಸೀನ" ಎಂದರು. ತಮ್ಮನ ಕಡೆ ನೋಡಲಿಲ್ಲ. ಕಾರನ್ನು ನೋಡಿದರು. ಮೂತಿಯಿಂದ ಬಾಲದವರೆಗೆ ನಡೆದು, ಚಪ್ಪಟೆಯಾದ ಚಕ್ರದ ಹತ್ತಿರ ನಿಂತರು.

"ಸ್ಟೆಪ್ನಿ ಹಾಕ್ಬಾರ್ದಾ?"

"ಇದಕ್ಕೆ ಸ್ಟೆಪ್ನಿ ಇರಲ್ಲ ಕಣಕ್ಕ."

"ಇರಲ್ವಾ?" ಜಯಕ್ಕ ಚಕ್ರಗಳ ಕಡೆ ಬೆರಳು ಮಾಡಿ ಎಣಿಸಿದರು. "ಅಷ್ಟ್ ಹೊಲಕ್ಕೆ ನಾಲ್ಕೇ ಚಕ್ರ ಕೊಟ್ಟವ್ರಾ?"

ಫೋಟೋ ತೆಗೆಯುತ್ತಿದ್ದವರಲ್ಲಿ ಒಬ್ಬ ನಕ್ಕುಬಿಟ್ಟ. ಮುನಿರಾಜು ನಗಲಿಲ್ಲ. ಡಿಕ್ಕಿ ತೆಗೆದು, ಬಾಗಿನ ಎತ್ತಿ, ಎರಡೂ ಕೈಯಲ್ಲಿ ಅಕ್ಕನ ಮುಂದೆ ಹಿಡಿದ. ಜಯಕ್ಕ ಸೆರಗು ಮುಂದೆ ತರಲಿಲ್ಲ.

"ತವರಿನ ಬಾಗಿನ ರಸ್ತೇಲಿ ತಗೊಳ್ಳೋದಲ್ಲ. ಮನೆ ಬಾಗಿಲಿಗೆ ಬರ್ಬೇಕು. ಆಟೋ ನಿಂತಿದೆ. ಬರ್ತೀಯೋ, ಇದನ್ನ ಕಾಯ್ಕೊಂಡು ಕೂತಿರ್ತೀಯೋ?"

ಉತ್ತರಕ್ಕೆ ಕಾಯದೆ ಹೊರಟರು. ಡಿವೈಡರಿನ ಹತ್ತಿರ ಹೋಗಿ ನಿಂತು, ಕಂಬಕ್ಕೆ ಕೈ ಕೊಟ್ಟರು. ಬಸ್ಸುಗಳನ್ನೇ ನಿಲ್ಲಿಸಿಕೊಂಡು ಬಂದವರು ಈಗ ಖಾಲಿ ಹೊಟ್ಟೆಯಲ್ಲಿ ಆ ಕಂಬಕ್ಕೇ ಒರಗಿದ್ದರು. ಇಷ್ಟು ದೂರದಿಂದ ನನಗೇ ಕಂಡಿತು ಎಂದಮೇಲೆ ತಮ್ಮನಿಗೆ ಕಾಣದಿರಲು ಸಾಧ್ಯವಿಲ್ಲ. ಮುನಿರಾಜು ಕಾರಿನ ಕೀಯನ್ನು ನನ್ನ ಅಂಗಿಯ ಜೇಬಿಗೆ ಹಾಕಿದ. ಸರಪಳಿ, ಕೊಕ್ಕೆ, ಯಾವುದರ ಮಾತನ್ನೂ ಎತ್ತಲಿಲ್ಲ. ಬಾಗಿನವನ್ನು ಎದೆಗವಚಿಕೊಂಡು ಓಡಿಹೋಗಿ ಅಕ್ಕನ ಮೊಣಕೈ ಹಿಡಿದ. ಇಬ್ಬರೂ ಆಟೋ ಹತ್ತಿದ್ದನ್ನು ನೋಡಿದೆ.

ಲಾರಿ ಬಂದಾಗ ಮಳೆ ನಿಂತಿತ್ತು. ಕೊಕ್ಕೆ ಇಲ್ಲದೆ ಎಳೆಯುವುದು ಹೇಗೆ ಎಂದು ಡ್ರೈವರ್ ತಲೆ ಕೆರೆದುಕೊಂಡ. ಕೊನೆಗೆ ಉದ್ದನೆಯ ಎರಡು ಹಲಗೆ ಇಳಿಜಾರಾಗಿ ಇಟ್ಟು, ಕಾರನ್ನು ಸ್ಟಾರ್ಟ್ ಮಾಡಿ, ಗಾಳಿಯಿಲ್ಲದ ಚಕ್ರದ ಮೇಲೇ ಇಂಚಿಂಚಾಗಿ ಹತ್ತಿಸಿ, ಚಕ್ರಗಳಿಗೆ ಪಟ್ಟಿ ಬಿಗಿದ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೊಸಕೆರೆಹಳ್ಳಿಗೆ ತಾನೇ ಎಂದು ಅವನು ಕೇಳುವಾಗ ಮುನಿರಾಜುವಿನ ಫೋನು ಬಂತು. ಕಾರು ಹೇಗಿದೆ ಎಂದು ಕೇಳಲಿಲ್ಲ. ಇಲ್ಲಿಗೇ ತರಿಸು, ಅಕ್ಕ ಹೇಳುತ್ತಿದ್ದಾಳೆ ಎಂದ.

ಹೀಗೆ ನನ್ನ ಪ್ರಯಾಣದ ಉಳಿದರ್ಧ ಲಾರಿಯ ಮುಂದಿನ ಸೀಟಿನಲ್ಲಿ ನಡೆಯಿತು. ಬೆಳಿಗ್ಗೆ ಬಸ್ಸಿನ ನಟ್ಟು ನೋಡಿಕೊಂಡು ಬಂದವನು ಈಗ ಬಸ್ಸಿನ ತಲೆ ನೋಡುತ್ತಿದ್ದೆ. ಜೆ.ಪಿ. ನಗರ ದಾಟಿ, ಬನ್ನೇರುಘಟ್ಟ ರಸ್ತೆಗೆ ತಿರುಗಿ, ಬಿಳೇಕಹಳ್ಳಿಯ ಅಡ್ಡರಸ್ತೆಯಲ್ಲಿ ಕಾರನ್ನು ಇಳಿಸಿದಾಗ ಆ ಬೀದಿಯ ಬಾಲ್ಕನಿಗಳೆಲ್ಲ ತುಂಬಿದ್ದವು.

ಒಳಗೆ ಗೌರಮ್ಮನ ಮುಂದೆ ಮೊರಗಳ ಮುಚ್ಚಳ ತೆಗೆದಿತ್ತು. ಜಯಕ್ಕನ ಕೈಯಲ್ಲಿ ಬಾಗಿನದ ಹಸಿರು ಬಳೆ. ಅವರ ಊಟವಾಗಿತ್ತು, ಮುನಿರಾಜುವಿನ ಕಣ್ಣು ಕೆಂಪಗಿತ್ತು. ಅವರಿಬ್ಬರ ನಡುವೆ ಏನು ಮಾತಾಯಿತೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೆ ಎಲೆ ಹಾಕಿ ಒಬ್ಬಟ್ಟು, ಮೇಲೆ ತುಪ್ಪ, ಕೋಸಂಬರಿ, ಹುಳಿ ಬಡಿಸಿದರು. ಬೇಡವೆಂದಷ್ಟೂ ಬಿದ್ದಿತು.

ಊಟವಾದ ಮೇಲೆ ಜಯಕ್ಕ ಹೊರಗೆ ಬಂದು, ತಾನು ಅದರೊಳಗೆ ಕೂರಬೇಕು ಎಂದರು. ಗಾಳಿ ಇಲ್ಲ, ಓಡಿಸಲಾಗುವುದಿಲ್ಲ ಎಂದು ಮುನಿರಾಜು ಹೇಳಿದ. ಓಡಿಸು ಎಂದವರು ಯಾರು ಎಂದರು. ನಾವಿಬ್ಬರೂ ತೋಳು ಹಿಡಿದು ಕೂರಿಸಿದೆವು; ಸೀರೆಯ ನೆರಿಗೆ ಒಳಗೆ ಸೇರಿಸುವುದೇ ಒಂದು ಸಾಹಸವಾಯಿತು. ಮುನಿರಾಜು ಆ ಕಡೆಯಿಂದ ಹತ್ತಿ, ಅವರು ಕೇಳಿದ್ದಕ್ಕೆ ಎಂಜಿನ್ ಸ್ಟಾರ್ಟ್ ಮಾಡಿದ. ಬೀದಿಯ ನಾಯಿಗಳು ಎದ್ದು ಓಡಿದವು. ಜಯಕ್ಕ ಎದೆ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಅಪ್ಪನ ಪಂಪ್‌ಸೆಟ್ಟು ಇದಕ್ಕಿಂತ ಜೋರಾಗಿತ್ತು ಕಣೋ," ಎಂದರು.

ಮುನಿರಾಜು ಆಫ್ ಮಾಡಲು ಕೈ ಹಾಕಿದ.

"ಇರ್ಲಿ, ಇರ್ಲಿ ಬಿಡು," ಎಂದರು ಜಯಕ್ಕ.

ಎರಡೇ ಸೀಟಿನ ಕಾರಿನಲ್ಲಿ ನನಗೆ ಇನ್ನು ಜಾಗವಿರಲಿಲ್ಲ. ಬರುತ್ತೇನೆ ಎಂದು ಕೈಯೆತ್ತಿದೆ, ಇಬ್ಬರಿಗೂ ಕೇಳಿಸಲಿಲ್ಲ. ಜಯನಗರದ ಬಸ್ಸು ಹಿಡಿಯಲು ಬನ್ನೇರುಘಟ್ಟ ರಸ್ತೆಯ ಕಡೆ ನಡೆದೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಜಯಕ್ಕ ಏನೋ ಹೇಳುತ್ತಿದ್ದರು, ಮುನಿರಾಜು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದಿದ್ದ. ಬಸ್ಸು ಬಂದು ನಾನು ಹತ್ತುವವರೆಗೂ ಆ ಎಂಜಿನ್ನಿನ ಸದ್ದು ನಿಂತಿರಲಿಲ್ಲ.