ಮೊದಲ ಸಲ ಕೇಳಿದ ದನಿ

ದಾವಣಗೆರೆಯಲ್ಲಿ ಕಿವಿ ಮಂದವಾದವರಿಗೆ ಕಿವಿ ಮಷೀನು ಕೂಡಿಸುವುದು ನನ್ನ ಕೆಲಸ. ಹರಿಹರದ ನೌಕಾಪಡೆ ಅಜ್ಜಾರು ಮೊನ್ನೆ ತೀರಿಕೊಂಡರೆಂದು ಕೇಳಿದಾಗ, ಅವರ ಮನೆಗೆ ಹೋಗಿದ್ದ ದಿನ ನೆನಪಾಯಿತು.

ಎಪ್ಪತ್ತೊಂದರ ಯುದ್ಧದಲ್ಲಿ ಅವರು ಹಡಗಿನ ಫಿರಂಗಿ ಪಕ್ಕದಲ್ಲೇ ನಿಂತು ಕೆಲಸ ಮಾಡಿದವರು. ಆ ಸದ್ದಿಗೆ ಕಿವಿ ಮಂದವಾಗಿತ್ತು. ಮದುವೆಯಾದದ್ದು ಯುದ್ಧ ಮುಗಿದ ಮೇಲೆ. ಹಾಗಾಗಿ ಹೆಂಡತಿ ಮೊದಲ ದಿನದಿಂದಲೂ ಕೂಗಿ ಕೂಗಿಯೇ ಸಂಸಾರ ನಡೆಸಿದ್ದರು. ನನ್ನನ್ನು ಕರೆಸಿದ್ದು ಮಗಳು.

“ಈ ವಯಸ್ಸಿಗೆ ಬ್ಯಾಡ ಬಿಡ್ರಿ. ಹೊಸದಾಗಿ ಕೇಳೋದೇನೈತೆ?” ಎಂದರು ಅಜ್ಜಾರು.

ಹೇಗೋ ಒಪ್ಪಿಸಿ ಮಷೀನು ಕೂಡಿಸಿದೆ. “ಅಮ್ಮಾ, ಮೆಲ್ಲಗೆ ಏನಾದ್ರೂ ಮಾತಾಡ್ರಿ” ಎಂದೆ.

ಮೆಲ್ಲಗೆ ಆಡುವ ಮಾತು ಯಾವುದೆಂದು ಹೊಳೆಯದೆ ಆಕೆ ನನ್ನ ಮುಖ ನೋಡಿದರು. ಕೊನೆಗೆ ಗಂಡನ ಕಡೆ ತಿರುಗಿ, “ಚಾ ಕುಡೀತೀರೇನು?” ಎಂದರು.

ಅಜ್ಜಾರು ಕುರ್ಚಿಯಲ್ಲೇ ಆಕೆಯ ಕಡೆ ಬಾಗಿದರು. “ಇನ್ನೊಂದ್ಸಲ ಅನ್ನು.”

ಆಕೆ ಅಂದರು.

“ನಿನ್ನ ದನಿ ಇಷ್ಟು ಮೆತ್ತಗೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಮರುಗಳಿಗೆಯೇ ಅಲ್ಲಿಂದ, ಸಕ್ಕರೆ ಎಷ್ಟು ಹಾಕಲೆಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಅಜ್ಜಾರು ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡರು.

ಮಷೀನು ಕೂಡಿಸುವುದನ್ನು ನಾನು ಕಲಿತಿದ್ದೇನೆ. ಕೂಗುವ ರೂಢಿ ಬಿಡಿಸುವುದನ್ನು ನನಗೆ ಯಾರೂ ಕಲಿಸಿಲ್ಲ.