ತೊಟ್ಟಿಲ ಬಳಿ ಸಿಕ್ಕ ಹೆಸರು

‘ಕುರ್ರ್ರ್...’ ಇವತ್ತು ಬೆಳಿಗ್ಗೆ ನಮ್ಮ ಬ್ರೂಕ್‌ಫೀಲ್ಡ್ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್‌ನಿಂದ ಆ ಸದ್ದು ಮೇಲೇರಿ ಬಂತು. ಯಾರದೋ ಮಗುವಿನ ನಾಮಕರಣ. ಕಾಫಿ ಕಪ್ ಹಿಡಿದು ಬಾಲ್ಕನಿಯಲ್ಲೇ ನಿಂತುಬಿಟ್ಟೆ. ಪಕ್ಕದ ಫ್ಲ್ಯಾಟಿನ ಅತ್ತೆ ನೆನಪಾದರು...

ರಾಣೆಬೆನ್ನೂರು ಕಡೆಯವರು. ತಮ್ಮನನ್ನು ತಾವೇ ಸಾಕಿ ಬೆಳೆಸಿದ್ದರು. ಅವನಿಗೆ ಹೆಣ್ಣುಮಗು ಹುಟ್ಟಿದ ಮೇಲೆ ಇಡೀ ಫ್ಲೋರ್‌ಗೇ ಅತ್ತೆಯಾದರು. ಅದಕ್ಕೆ ಸ್ವಲ್ಪ ಮೊದಲು ಅವರಿಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಸರಿಹೋದವು, ಮಾತೂ ಬಂತು. ಹೆಸರುಗಳು ಮಾತ್ರ ಹೋದವು. ಹೆಸರು ಸಿಗದಿದ್ದರೆ ಅದು ಯಾವುದರ ಹಾಗಿದೆ ಎಂದು ಹೇಳುತ್ತಿದ್ದರು. “ಮೇಡಂ, ಆ ಬಾವಿಗಿಳಿಯೋ ಕೊಡ ಕೆಟ್ಟೈತ್ರಿ, ಮೆಟ್ಲಾ ಹತ್ತಿ ಬಂದೆ” ಎಂದರೆ ಲಿಫ್ಟ್ ಕೆಟ್ಟಿದೆ ಎಂದು ನಾನು ತಿಳಿಯಬೇಕು!

ನಾನು ಕಾನ್ವೆಂಟ್‌ನಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದವಳು. ಸಿಮಿಲಿ, ಮೆಟಫರ್, ಅಂದರೆ ಹೋಲಿಕೆಗಳೆಲ್ಲ ಫ್ರಾಕಿಗೆ ಹೊಲಿದ ಲೇಸು, ಇಲ್ಲದಿದ್ದರೂ ಫ್ರಾಕು ಫ್ರಾಕೇ ಎಂದು ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು.

ಅತ್ತೆಯ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆಯೇ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ತಮಾಷೆಗೆ ಅವಳ ಬೆನ್ನಿಗೆ ಗುದ್ದುತ್ತಾರೆ. ಆದರೆ ಬಾಣಂತಿಯ ತಾಯಿಗೆ, ಅಂದರೆ ಬೀಗಿತಿಗೆ ಹೆದರಿಕೆ. “ಹೆಸರು ಮರ್ತು ನಿಂತ್ರ ಅಪಶಕುನ. ಬ್ಯಾರೆ ಯಾರರ ಹೇಳ್ಲಿ” ಎಂದರು. ಅತ್ತೆ ಬಂದು ನನ್ನ ಬಾಗಿಲು ಬಡಿದರು.

“ಅವನ್ನ ಸಾಕಿದಾಕಿ ನಾನ್ರಿ. ಅವನ ಮಗಳ ಹೆಸರು ಬ್ಯಾರೇರು ಹೇಳೂದಾ?”

ಸಿಂಚನಾ ಎಂದು ಹೆಸರಿಡುವುದಿತ್ತು. ನಾನು ಕ್ಲಾಸ್‌ರೂಮಿನ ಅಭ್ಯಾಸದಂತೆ “ರಿಪೀಟ್ ಆಫ್ಟರ್ ಮಿ” ಎಂದು ಶುರುಮಾಡಿದೆ. ಹೇಳಿದಾಗ ಬರುತ್ತಿತ್ತು, ಟೀಗೆ ನೀರಿಟ್ಟು ಬರುವಷ್ಟರಲ್ಲಿ ಹೋಗಿರುತ್ತಿತ್ತು. ಕೊನೆಗೆ ಸೋತು, “ಸಿಂಚನ ಅಂದ್ರೆ ನೀರು ಚಿಮುಕಿಸೋದು ಕಣ್ರೀ. ಅದು ಯಾವುದರ ಹಾಗೆ, ನೀವೇ ಹೇಳಿ” ಎಂದೆ. ಅವರ ಮುಖವೇ ಬದಲಾಯಿತು.

“ರಂಗೋಲಿ ಹಾಕೂ ಮುಂದ ಅಂಗಳಕ್ಕ ನೀರು ಹೊಡದಂಗ... ಧೂಳು ಕುಂತಂಗ...” ಕೈ ತಾನಾಗಿ ಗಾಳಿಯಲ್ಲಿ ಬೀಸಿತು. “ಸಿಂಚನಾ!”

ಮೈ ಗಾಡ್! ಸಿಸ್ಟರ್ ಬರೀ ಲೇಸು ಎಂದಿದ್ದ ಹೋಲಿಕೆ ನನ್ನ ಕಣ್ಣೆದುರೇ, ಅತ್ತೆ ಕತ್ತಲೆಯಲ್ಲಿ ತಡವಿಕೊಂಡು ಹೋಗುವ ಗೋಡೆಯಾಯಿತು.

ನಾಮಕರಣದ ದಿನ ಅತ್ತೆ ಹಟ ಬಿಡದೆ, ಇಳಕಲ್ ಸೀರೆಯುಟ್ಟು ತೊಟ್ಟಿಲಿಗೆ ಬಾಗಿ ‘ಕುರ್ರ್’ ಎಂದರು... ಅಲ್ಲಿಗೇ ನಿಂತರು. ಗುದ್ದುವ ಕೈಗಳೂ ನಿಂತವು. ಬೀಗಿತಿ ಇನ್ನೊಬ್ಬಳನ್ನು ಮುಂದೆ ತಳ್ಳಿದರು. ನನ್ನ ಬಾಯಿತನಕ ಬಂದ ಹೆಸರನ್ನು ನುಂಗಿಕೊಂಡೆ. ಅತ್ತೆಯ ತುಟಿ ಅಲುಗಿತು, “ಅಂಗಳಕ್ಕ...” ಬಲಗೈ ತೊಟ್ಟಿಲ ಮೇಲೆ ಇಲ್ಲದ ನೀರನ್ನು ಎರಚಿತು.

“ಸಿಂಚನಾ!”

“ಕಿವಿಯಾಗ ಹೇಳವಾ ಅಂದ್ರ ಮಾರತಹಳ್ಳಿಗೆ ಕೇಳೂಹಂಗ ಕೂಗಿದೆಲ್ಲ!” ಎಂದು ಬೀಗಿತಿಯೇ ನಕ್ಕು, ಎಲ್ಲರಿಗಿಂತ ಜೋರಾಗಿ ಗುದ್ದಿದರು. ನಾನಂತೂ ಸ್ಪೋರ್ಟ್ಸ್ ಡೇ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದೆ.

ಈಗ ಅತ್ತೆ ಇಲ್ಲ. ಊರಿಗೆ ಹೋದ ಮೇಲೆ ಮತ್ತೆ ಸ್ಟ್ರೋಕ್ ಆಯಿತಂತೆ... ಕೊನೆಯ ಸಲ ನೋಡಿದ್ದು ಅವರು ಹೊರಟ ದಿನ, ಬೇಸ್‌ಮೆಂಟಿನ ಪಾರ್ಕಿಂಗಿನಲ್ಲಿ. ಆಗಷ್ಟೇ ನಡೆಯಲು ಕಲಿತಿದ್ದ ಮಗು ಕೈ ಕೊಸರಿಕೊಂಡು ಓಡಿತು. ಒಂದು ಕಾರು ರಿವರ್ಸ್ ಬರುತ್ತಿತ್ತು.

“ಸಿಂಚನಾ, ನಿಂದ್ರ!”

ಅತ್ತೆ ಹೆಸರಿಗಾಗಿ ತಡವರಿಸಲಿಲ್ಲ, ಕೈ ಬೀಸಲಿಲ್ಲ. ಮಗು ನಿಂತಿತು. ತಾವು ಏನು ಗೆದ್ದರೆಂಬುದು ಅತ್ತೆಗೆ ಗೊತ್ತೇ ಆಗಲಿಲ್ಲ. ಓಡುವಾಗ ಚಪ್ಪಲಿ ಕಿತ್ತುಹೋಯಿತೆಂದು ಬೈಯುತ್ತಾ, ಮಗುವನ್ನು ತಾಯಿಯ ಕೈಗೆ ಕೊಟ್ಟು ಊರಿಗೆ ಹೋಗುವ ಕಾರು ಹತ್ತಿದರು.