ನೀರು ಹೊಕ್ಕ ಕಾರು

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ. ಇನ್ನೊಮ್ಮೆ, ಹೆಂಡತಿ ಇರುವಷ್ಟು ದಿನ ಬೇಡ ಎಂದುಕೊಂಡೆ. ಅವಳು ತೀರಿಕೊಂಡು ವರ್ಷ ಕಳೆಯಿತು. ಕನ್ನಡಕ ಹೊಸದಾಯಿತು. ಇನ್ನು ನೆಪ ಉಳಿದಿಲ್ಲ.

ಕಡಬದಲ್ಲಿ ನನಗೊಂದು ಬಟ್ಟೆಯಂಗಡಿ ಇತ್ತು. ಹೈಸ್ಕೂಲು ಮುಗಿಸಿ ಅಲ್ಲಿ ಕೂತವನು ಮೊಣಕಾಲು ಸೋಲುವವರೆಗೂ ಅಲ್ಲೇ ಇದ್ದೆ. ಬಣ್ಣ ಬಿಡುವ ಸೀರೆಯಾದರೆ ಬಣ್ಣ ಬಿಡುತ್ತದೆ ಎಂದು ಮೊದಲೇ ಹೇಳಿ ಕೊಡುತ್ತಿದ್ದೆ. ಹಾಗಾಗಿ ಕಾಣಿಯೂರಿನಲ್ಲಿ, ನಮ್ಮ ಮನೆಯ ಸುತ್ತಮುತ್ತ, ನನ್ನ ಮಾತನ್ನು ಜನ ನಂಬುತ್ತಿದ್ದರು. ಆ ನಂಬಿಕೆಯನ್ನು ನಾನು ಎಲ್ಲಿ ಖರ್ಚು ಮಾಡಿದೆ ಎನ್ನುವುದೇ ಈ ಬರಹ.

ಒಂದು ಮಳೆಗಾಲದಲ್ಲಿ ಮಂಡೆಕೋಲಿನ ಕಡೆ ಮದುವೆಯೊಂದಕ್ಕೆ ಒಬ್ಬನೇ ಕಾರಿನಲ್ಲಿ ಹೋಗಿದ್ದೆ. ತಿರುಗಿ ಬರುವಾಗ ತೋಡು ಉಕ್ಕಿ ಕಿರುಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಎದುರಿನಿಂದ ಒಂದು ಜೀಪು ದಾಟಿ ಬಂತು. ಅದು ದಾಟಿದ ಮೇಲೆ ನನಗೇನು ಎಂದು ನಾನೂ ಇಳಿಸಿದೆ. ನಡುವಿನಲ್ಲಿ ಎಂಜಿನ್ ನಿಂತಿತು, ಸೀಟಿನವರೆಗೆ ನೀರು ಬಂತು. ಅದೇ ಜೀಪಿನವರು ವಾಪಸು ಬಂದು ಹಗ್ಗ ಕಟ್ಟಿ ಎಳೆದರು. ಸುಳ್ಯದ ಒಂದು ಗ್ಯಾರೇಜಿನಲ್ಲಿ ಬಿಚ್ಚಿ, ಒಣಗಿಸಿ, ಮತ್ತೆ ಜೋಡಿಸಿದರು.

"ಈಗ ಓಡ್ತದೆ," ಎಂದ ಮೆಕ್ಯಾನಿಕ್. "ಆದ್ರೆ ವಯರಿಗೆಲ್ಲ ನೀರು ಹೊಕ್ಕಿದೆ. ಯಾವಾಗ ಎಂತ ಆಗ್ತದೆ ಹೇಳ್ಲಿಕ್ಕಾಗುದಿಲ್ಲ. ಬೇಗ ಕೊಟ್ಟುಬಿಡಿ ಮಾರಾಯ್ರೆ."

ನೀರು ಕಂಡರೆ ಇಳಿಸಬೇಡಿ ಎಂದು ಹೆಂಡತಿ ಹೊರಡುವಾಗಲೇ ಹೇಳಿದ್ದಳು. ಅವಳ ಬಾಯಿಗೆ ಹೆದರಿ, ಕಾರು ಸರ್ವಿಸಿಗೆ ಕೊಟ್ಟಿದ್ದೇನೆ ಎಂದೆ. ಮೊದಲ ಸುಳ್ಳು ಅದು. ಆಗ ಅದು ಸುಳ್ಳು ಅಂತಲೂ ಅನಿಸಿರಲಿಲ್ಲ.

ಹಳೆಯ ಕಾರು ಕೊಟ್ಟು ಹೊಸದು ತರಲು ಪುತ್ತೂರಿನ ಶೋರೂಮಿಗೆ ಹೋದೆ. ಅದಕ್ಕೆ ಮೊದಲು ಕಾಲಡಿಯ ಮ್ಯಾಟು ಹೊಸತು ಹಾಕಿಸಿದ್ದೆ, ಒಳಗೆ ಸೆಂಟಿನ ಡಬ್ಬಿ ಇಟ್ಟಿದ್ದೆ. ಕಾರು ನೋಡಲು ಬಂದವನು ಟಾರ್ಚು ಹಿಡಿದು ಸುತ್ತ ತಿರುಗಿದ.

"ನೀರು ಹೊಕ್ಕಿದ್ದು ಏನಾದ್ರೂ ಉಂಟಾ ಸರ್?"

"ಉಂಟಲ್ಲ," ಎಂದೆ. "ಪ್ರತಿ ಭಾನುವಾರ, ಬಾಲ್ದಿಯಲ್ಲಿ!"

ಅವನು ನಕ್ಕ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಅವನು ಹೇಳಿದ ಬೆಲೆಗೆ ನಾನು ಒಪ್ಪಲಿಲ್ಲ, ಎದ್ದು ಹೋಗುವ ನಾಟಕ ಮಾಡಿ ಇನ್ನಷ್ಟು ಏರಿಸಿದೆ. ಹಳೆ ಕಾರಿಗೆ ಇವರು ಯಾರಿಗೂ ನ್ಯಾಯದ ಬೆಲೆ ಕೊಡುವುದಿಲ್ಲ, ನಾನು ನನ್ನ ನ್ಯಾಯವನ್ನು ವಸೂಲು ಮಾಡಿದೆ ಎಂದು ಬೀಗುತ್ತಾ ಹೊಸ ಕಾರಿನಲ್ಲಿ ಮನೆಗೆ ಬಂದೆ. ಮೋಸ ಹೋದದ್ದು ಕಂಪನಿ. ಕಂಪನಿಗೆ ಮುಖ ಇರುವುದಿಲ್ಲವಲ್ಲ.

ಆ ಮುಖ ಕೆಲವು ತಿಂಗಳ ನಂತರ ನಮ್ಮ ಜಗಲಿಗೆ ಬಂತು. ನಮ್ಮ ಎದುರುಮನೆಯವನು, ಬ್ಯಾರಿ ಮನೆತನದವನು. ಬಹಳ ವರ್ಷ ಗಲ್ಫಿನಲ್ಲಿದ್ದು, ಇನ್ನು ಹೋಗುವುದಿಲ್ಲ, ಮಕ್ಕಳ ಜೊತೆ ಇರುತ್ತೇನೆ ಎಂದು ಬಂದಿದ್ದ. ಗಂಡ ಹೆಂಡತಿ ಮನೆಯಲ್ಲೇ ಓವನ್ ಇಟ್ಟು ಬನ್ನು, ರಸ್ಕು ಮಾಡುತ್ತಿದ್ದರು. ಕಡಬ, ಸುಳ್ಯದ ಅಂಗಡಿಗಳಿಗೆ ಹಾಕಲು ಒಂದು ಗಾಡಿ ಬೇಕಿತ್ತು.

"ಅಣ್ಣಾ, ನಿಮ್ಮ ಹಳೆ ಕಾರು ಸುಳ್ಯದಲ್ಲಿ ಮಾರ್ಲಿಕ್ಕೆ ನಿಲ್ಸಿದ್ದಾರೆ. ನಂಬರು ನೋಡಿದ ಕೂಡ್ಲೆ ಗುರ್ತ ಸಿಕ್ಕಿತು."

"ಹೌದಾ?"

"ನೋಡ್ಲಿಕ್ಕೆ ನಾನು ಕರ್ಕೊಂಡು ಹೋದ ಮೆಕ್ಯಾನಿಕ್ ಬೇಡ ಹೇಳ್ತಾನೆ. ಸೀಟಿನ ಅಡಿಯಲ್ಲಿ ತುಕ್ಕು ಉಂಟಂತೆ. ನಾನು ಹೇಳಿದೆ, ನೀನು ಸುಮ್ನಿರು ಮಾರಾಯ, ಅದು ಅಣ್ಣನ ಕಾರು, ಅವರತ್ರವೇ ಕೇಳಿ ಬರ್ತೇನೆ ಅಂತ."

ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿಜ ಹೇಳಿದರೆ ಅವಳಿಗೆ ತಿಳಿಯುತ್ತದೆ, ನಾಳೆ ಊರಿಗೆ ತಿಳಿಯುತ್ತದೆ, ನಾಡಿದ್ದು ಪುತ್ತೂರಿಗೆ. 'ತಗೊಳ್ಳಬೇಡ' ಎಂಬ ಒಂದೇ ಮಾತು ಸಾಕಿತ್ತು. ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಅದು ನನಗೆ ಹೊಳೆದದ್ದು ಅವನು ಹೋದ ಮೇಲೆ.

"ನಮ್ಮ ಊರಿನ ಮಳೆಗೆ ತುಕ್ಕು ಹಿಡಿಯದ ಕಾರು ಯಾವುದುಂಟು?" ಎಂದೆ. "ಎಂಜಿನು ಚಿನ್ನ."

"ಸಾಕು. ಇನ್ನು ಬೇರೆಯವರ ಮಾತು ನನಗೆ ಬೇಡ," ಎಂದು ಅವನು ಚಹಾ ಕುಡಿದು ಎದ್ದ.

ಮೊದಲ ಮಳೆಗೇ ಕಾರು ಕೆಟ್ಟಿತು. ಒಂದು ಕಡೆ ಸರಿ ಮಾಡಿಸಿದರೆ ಇನ್ನೊಂದು ಕಡೆ ಹೋಗುತ್ತಿತ್ತು. ಬನ್ನು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಅಂಗಡಿಯವರು ಕಾಯುತ್ತಾರೆಯೇ? ಒಬ್ಬೊಬ್ಬರೇ ಬೇರೆಯವರಿಂದ ತರಿಸಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ ಕಾರು ಅವರ ಗೇಟಿನಲ್ಲೇ ನಿಂತುಬಿಟ್ಟಿತು. ಅವನ ಹೆಂಡತಿ ನನ್ನ ಎದುರೇ ಅವನನ್ನು ಬೈದಳು.

"ಅಣ್ಣನ ಕೈಯಲ್ಲಿ ಅಷ್ಟು ವರ್ಷ ಓಡಿದ ಗಾಡಿ! ಇವರ ಕೈಗೆ ಬಂದದ್ದೇ, ಮುಗೀತು. ನೀವೇ ಸ್ವಲ್ಪ ಬುದ್ಧಿ ಹೇಳಿ ಅಣ್ಣ."

ನಾನು ಬುದ್ಧಿ ಹೇಳಿದೆ. "ಆಯಿಲು ಸಮಯಕ್ಕೆ ಸರಿಯಾಗಿ ಬದಲಾಯಿಸ್ಬೇಕು ಮಾರಾಯ," ಎಂದೆ. ಅವನು ತಲೆ ತಗ್ಗಿಸಿ ಹೂಂ ಎಂದ.

ಈ ವಾಕ್ಯ ಬರೆದ ಮೇಲೆ ಸ್ವಲ್ಪ ಹೊತ್ತು ಅಂಗಳದಲ್ಲಿ ನಡೆದು ಬಂದು ಮುಂದುವರಿಸುತ್ತಿದ್ದೇನೆ.

ಕೊನೆಗೆ ಕಾರು ಗುಜರಿಗೆ ಹೋಯಿತು, ಓವನ್ ತಣ್ಣಗಾಯಿತು. ಅವನು ಮತ್ತೆ ಗಲ್ಫಿಗೆ ಹೊರಟ. ತಲೆಗೂದಲು ಆಗಲೇ ನರೆತಿತ್ತು. ಹೋಗುವ ಮುನ್ನ ಹೇಳಿ ಹೋಗಲು ಬಂದ. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ಹೆಂಡತಿ ಮರ್ಕಂಜದ ತವರಿಗೆ ಹೋಗಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ದೇವರೂ ಕೊಡಲಾರ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತಾಡಿದ.

"ನಿಮ್ಮ ಒಳ್ಳೆ ಕಾರನ್ನು ನಾನು ಹಾಳು ಮಾಡಿಬಿಟ್ಟೆ ಅಣ್ಣ. ಮನಸ್ಸಲ್ಲಿ ಎಂತ ಇಟ್ಕೊಳ್ಬೇಡಿ."

ನಾನು ಅವನ ಬೆನ್ನು ತಟ್ಟಿದೆ. "ಹೋಗ್ಲಿ ಬಿಡು ಮಾರಾಯ," ಎಂದೆ.

ಹೀಗೆ ನಾನು ಅವನನ್ನು ಕ್ಷಮಿಸಿ ಕಳುಹಿಸಿದೆ.

ಅವನ ಹೆಂಡತಿ ಈಗಲೂ ಎದುರುಮನೆಯಲ್ಲಿದ್ದಾಳೆ. ಗಂಡನಿಗೆ ಒಂದು ಗಾಡಿ ನೋಡಿಕೊಳ್ಳಲು ಬಾರದೆ ಹೀಗಾಯಿತು ಎಂದೇ ನಂಬಿದ್ದಾಳೆ. ಹಬ್ಬಕ್ಕೆ ಅವನು ಫೋನು ಮಾಡಿದಾಗ ಮೊದಲು ನನ್ನ ಆರೋಗ್ಯ ಕೇಳುತ್ತಾನೆ. ಚೆನ್ನಾಗಿದ್ದೇನೆ ಎನ್ನುತ್ತೇನೆ. ಮಳೆ ಹೇಗುಂಟು ಎಂದು ಕೇಳುತ್ತಾನೆ, ಅದನ್ನೂ ಹೇಳುತ್ತೇನೆ. ಹೇಳಬೇಕಾದ ಇನ್ನೊಂದನ್ನು ಹೇಳುವ ಮೊದಲೇ, ಆಯ್ತು ಅಣ್ಣ ಇಡ್ತೇನೆ ಎನ್ನುತ್ತಾನೆ, ನನಗೆ ಸಮಾಧಾನವಾಗುತ್ತದೆ. ಆ ಸಮಾಧಾನಕ್ಕೆ ನಾಚಿಕೆಪಟ್ಟು ಇಷ್ಟು ಬರೆದೆ. ನನ್ನಿಂದ ತಪ್ಪಾಯಿತು ಎಂಬ ಮಾತನ್ನು ನಾನು ಇವತ್ತಿನವರೆಗೂ ಹೇಳದೆ ಉಳಿಸಿಕೊಂಡಿರುವುದು ಅವನಿಗೆ, ನನ್ನ ಎದುರುಮನೆಯವನಿಗೆ, ನನ್ನನ್ನು ಕೇಳಿ ನನ್ನ ಕಾರು ಕೊಂಡವನಿಗೆ.